ಈ ನೆಲ ಯಾರ ಪಕ್ಷ? ಸೈ-ಫೈ ಸಿನಿಮಾದ ಯುದ್ಧಗಳಲ್ಲಿ ನಿಸರ್ಗವನ್ನು ಓದುವ ಸಮಗ್ರ ಮಾರ್ಗದರ್ಶಿ

ಮರುಭೂಮಿ ಎಂದರೆ ಶೂನ್ಯ, ಕಾಡು ಎಂದರೆ ಜೀವ, ಹಿಮ ಎಂದರೆ ಸಾವು, ಸಮುದ್ರ ಎಂದರೆ ಅನಂತ. ಸೈ-ಫೈ, ಅಂದರೆ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಬಗ್ಗೆ ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಈ ನಾಲ್ಕು ಸಮೀಕರಣಗಳು. ಇವು ಸುಳ್ಳೇನಲ್ಲ, ಆದರೆ ಕೆಲಸಕ್ಕೆ ಬರುವುದಿಲ್ಲ. ಒಂದು ಸಿನಿಮಾದಲ್ಲಿ ಶಿಕ್ಷೆಯಾಗಿ ಕಾಣುವ ಮರಳುಗಾಡು ಇನ್ನೊಂದರಲ್ಲಿ ತವರಾಗಿರುತ್ತದೆ. ನಾಯಕನನ್ನು ಅಡಗಿಸಿದ ಕಾಡೇ ಮುಂದಿನ ದೃಶ್ಯದಲ್ಲಿ ಅವನ ಶತ್ರುವನ್ನೂ ಅಡಗಿಸುತ್ತದೆ. ಅರ್ಥಕೋಶ ಹಿಡಿದುಕೊಂಡು ಇಂಥ ಯುದ್ಧಗಳನ್ನು ನೋಡಿದರೆ ಎಲ್ಲ ಸಿನಿಮಾಗಳೂ ಒಂದೇ ಮಾತನ್ನು ಹೇಳುತ್ತಿರುವಂತೆ ಕೇಳಿಸುತ್ತದೆ.

ಈ ಬರಹ ಬೇರೆ ದಾರಿ ಹಿಡಿಯುತ್ತದೆ. ಯುದ್ಧ ನಡೆಯುವ ನೆಲ ಏನನ್ನು ಸೂಚಿಸುತ್ತದೆ ಎಂದು ಕೇಳುವ ಮೊದಲು ಅದು ಅಲ್ಲಿ ಏನು ಮಾಡುತ್ತಿದೆ ಎಂದು ಕೇಳೋಣ. ತಡೆಯುತ್ತದೆಯೇ, ಅಡಗಿಸುತ್ತದೆಯೇ, ಗುಟ್ಟು ಬಿಟ್ಟುಕೊಡುತ್ತದೆಯೇ, ತಾನೇ ಗಾಯಗೊಳ್ಳುತ್ತದೆಯೇ? ಸಂಕೇತ ಹುಟ್ಟುವುದು ಈ ಕೆಲಸಗಳಿಂದ. ಮಲೆನಾಡಿನವರಿಗೆ ಈ ರೀತಿಯ ನೋಟ ಹೊಸದಾಗಿ ಕಲಿಯಬೇಕಾದದ್ದಲ್ಲ. ಪ್ರವಾಸಿಗೆ ಕಾಡು ಒಂದು ಹಸಿರು ಪರದೆ. ಇಲ್ಲಿ ಹುಟ್ಟಿದವನಿಗೆ ಕಾನು (ದಟ್ಟ ನಿತ್ಯಹಸಿರು ಕಾಡು) ಬೇರೆ, ಬೇಣ (ಹುಲ್ಲುಗಾವಲು) ಬೇರೆ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಬೇರೆ, ಅಕೇಶಿಯಾ ನೆಡುತೋಪು ಇನ್ನೂ ಬೇರೆ. ಜುಲೈ ತಿಂಗಳಲ್ಲಿ ಉಂಬಳ (ಜಿಗಣೆ) ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂಬುದು ಕಾಲಿಗೇ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ತೆರೆಯ ಮೇಲೆ ಬಳಸುವ ಕ್ರಮವನ್ನು ಹಂತ ಹಂತವಾಗಿ ಕೊಟ್ಟಿದ್ದೇನೆ. ಶಿವಮೊಗ್ಗದ ಕಾಲೇಜುಗಳ ಚಿತ್ರಕೂಟಗಳಿಗೆ (ಫಿಲ್ಮ್ ಕ್ಲಬ್‌ಗಳಿಗೆ), ಸಿನಿಮಾದ ಬಗ್ಗೆ ಬರೆಯುವವರಿಗೆ, ಮೊಬೈಲ್‌ನಲ್ಲಿ ಕಿರುಚಿತ್ರ ಮಾಡುವವರಿಗೆ ಇದು ಹೊಂದೀತು.

ಹಂತ 1: ಒಂದೇ ಒಂದು ಯುದ್ಧವನ್ನು ಆರಿಸಿಕೊಳ್ಳಿ

ಇಡೀ ಸಿನಿಮಾ ಬೇಡ, ಸರಣಿಯಂತೂ ಬೇಡವೇ ಬೇಡ. ಹತ್ತು ಹದಿನೈದು ನಿಮಿಷದ ಒಂದು ಕಾಳಗ ಸಾಕು. ನಗರದ ಬೀದಿಯಲ್ಲೋ ಅಂತರಿಕ್ಷದಲ್ಲೋ ನಡೆಯುವುದನ್ನು ಬಿಟ್ಟು, ಮಣ್ಣು, ನೀರು, ಹಿಮ ಅಥವಾ ಮರಗಳ ನಡುವೆ ನಡೆಯುವುದನ್ನು ಆರಿಸಿ. ಮೊದಲ ಸಲ ಸದ್ದಿಲ್ಲದೆ ನೋಡಿ. ಹಿನ್ನೆಲೆ ಸಂಗೀತ ಬಹಳ ಜಾಣ. ಯಾರ ಪರ ಮರುಗಬೇಕು, ಯಾವಾಗ ಹೆದರಬೇಕು ಎಂದು ಅದೇ ತೀರ್ಮಾನಿಸಿಬಿಡುತ್ತದೆ, ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ. ಎರಡನೆಯ ಸಲ ಸದ್ದಿನೊಂದಿಗೆ ನೋಡಿ.

ಹಂತ 2: ಕಾಗದದ ಮೇಲೆ ನಕ್ಷೆ ಬರೆಯಿರಿ

ಎತ್ತರ ಎಲ್ಲಿದೆ, ತಗ್ಗು ಎಲ್ಲಿದೆ, ಯಾರು ಯಾವ ದಿಕ್ಕಿನಿಂದ ಬಂದರು, ಅಡಗಲು ಜಾಗ ಯಾವುದು, ಓಡಲು ದಾರಿ ಯಾವುದು. ಚಿತ್ರಕಲೆ ಬರಬೇಕಾಗಿಲ್ಲ, ಗೀಟುಗಳು ಸಾಕು.

ಉದಾಹರಣೆಗೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಹಿಮಯುದ್ಧ. ನಕ್ಷೆ ಬರೆಯಹೊರಟರೆ ಕಾಗದ ಬಹುತೇಕ ಖಾಲಿಯೇ ಉಳಿಯುತ್ತದೆ. ಒಂದು ತುದಿಯಲ್ಲಿ ಬಂಡಾಯಗಾರರ ಕಂದಕ, ಇನ್ನೊಂದು ತುದಿಯಲ್ಲಿ ಸಾಮ್ರಾಜ್ಯದ ನಾಲ್ಕು ಕಾಲಿನ ಬೃಹತ್ ಯಂತ್ರಗಳು, ನಡುವೆ ಬರೀ ಬಿಳುಪು. ಮರೆಯಿಲ್ಲ, ತಿರುವಿಲ್ಲ. ಆ ಯಂತ್ರಗಳ ನಿಧಾನವೇ ಭಯ ಹುಟ್ಟಿಸುವುದು ಇದರಿಂದ: ಬರುತ್ತಿರುವುದು ಕಾಣುತ್ತಿದೆ, ತಡೆಯಲು ನೆಲದಲ್ಲಿ ಏನೂ ಇಲ್ಲ. ಹಿಮ ಇಲ್ಲಿ ಸಾವಿನ ಸಂಕೇತವಾಗಿ ಬಂದದ್ದಲ್ಲ. ಅದು ಬಂಡಾಯಗಾರರ ಬಟ್ಟೆ ಕಳಚಿ ಬಯಲಿಗೆ ನಿಲ್ಲಿಸಿದೆ. ಅವರು ಕೊನೆಗೆ ಹೂಡುವ ಉಪಾಯವೂ ಬಯಲಿನದೇ: ಯಂತ್ರದ ಕಾಲುಗಳಿಗೆ ಹಗ್ಗ ಸುತ್ತಿ ಉರುಳಿಸುವುದು. ಅಷ್ಟೆತ್ತರದ ಕಾಲು ಹೊತ್ತ ಯಂತ್ರ ಮಲೆನಾಡಿನ ಇಳಿಜಾರಿನಲ್ಲಾದರೆ ಎರಡು ಹೆಜ್ಜೆಯಲ್ಲಿ ತಾನಾಗಿಯೇ ಮುಗ್ಗರಿಸುತ್ತಿತ್ತು, ಹಗ್ಗದ ಖರ್ಚೂ ಉಳಿಯುತ್ತಿತ್ತು.

ಹಂತ 3: ನೆಲ ಯಾರ ಪಕ್ಷದಲ್ಲಿದೆ ಎಂದು ಕೇಳಿ, ಉತ್ತರ ಸಿಕ್ಕ ಕೂಡಲೇ ಅನುಮಾನಿಸಿ

ಇಡೀ ಕ್ರಮದಲ್ಲಿ ಹೆಚ್ಚು ಹೊತ್ತು ಬೇಡುವ ಹಂತ ಇದು.

2009ರ ‘ಅವತಾರ್’ ನೋಡಿ, ಅನ್ಯಲೋಕದ ಬುಡಕಟ್ಟಿನ ಮೇಲೆ ಮನುಷ್ಯರು ಎರಗುವ ಕತೆ. ತೇಲುವ ಬೆಟ್ಟಗಳ ಸುತ್ತಲಿನ ಕಾಂತಕ್ಷೇತ್ರ ಮನುಷ್ಯರ ಉಪಕರಣಗಳನ್ನು ಕೆಡಿಸುತ್ತದೆ. ಕ್ಷಿಪಣಿಗೆ ಗುರಿ ತಪ್ಪುತ್ತದೆ, ಕಣ್ಣಳತೆಯಲ್ಲೇ ಹೋರಾಡಬೇಕಾಗುತ್ತದೆ. ಇಲ್ಲಿಯವರೆಗೆ ನಿಸರ್ಗ ಯಾರನ್ನೂ ಆರಿಸಿಕೊಂಡಿಲ್ಲ, ಅದರ ಗುಣವನ್ನು ಬಲ್ಲವರಿಗೆ ಮೇಲುಗೈ ಸಿಕ್ಕಿದೆ ಅಷ್ಟೆ. ಆ ಲೋಕದ ತಾಯಿ ಪಕ್ಷ ವಹಿಸುವುದಿಲ್ಲ, ಜೀವದ ಸಮತೋಲವನ್ನಷ್ಟೇ ಕಾಯುತ್ತಾಳೆ ಎಂದು ನಾಯಕಿಯೇ ನಾಯಕನಿಗೆ ಹೇಳುತ್ತಾಳೆ. ಆದರೆ ಕೊನೆಯ ಕಾಳಗದಲ್ಲಿ ಸೋಲು ಹತ್ತಿರವಾದಾಗ ಕಾಡಿನ ಪ್ರಾಣಿಗಳೆಲ್ಲ ನುಗ್ಗಿ ಬಂದು ಶತ್ರುವನ್ನು ತುಳಿಯುತ್ತವೆ. ನೋಡಲು ರೋಮಾಂಚನವಾಗುತ್ತದೆ, ಒಪ್ಪುತ್ತೇನೆ. ಆದರೆ ಚಿತ್ರ ತಾನು ಆಡಿದ ಮಾತಿಗೆ ತಾನೇ ತಪ್ಪಿದೆ. ನಿಸರ್ಗವನ್ನು ದೇವರ ಸೈನ್ಯವಾಗಿ ಮಾಡಿದ ಗಳಿಗೆಯಿಂದ ಅದು ನಿಸರ್ಗವಾಗಿ ಉಳಿಯುವುದಿಲ್ಲ.

ಇದರ ಪಕ್ಕದಲ್ಲಿ 2017ರ ‘ವಾರ್ ಫಾರ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಹಿಮಪಾತವನ್ನು ಇಡಿ. ಗೆದ್ದು ಬೀಗುತ್ತಿದ್ದ ಮನುಷ್ಯರ ಸೈನ್ಯವನ್ನು ಜಾರಿ ಬಂದ ಹಿಮ ಹೂತುಹಾಕುತ್ತದೆ, ವಾನರರು ಉಳಿಯುತ್ತಾರೆ. ಮೇಲುನೋಟಕ್ಕೆ ಇದೂ ನಿಸರ್ಗದ ತೀರ್ಪು. ನಿಧಾನಿಸಿ ನೋಡಿ: ಹಿಮ ಇಬ್ಬರ ಮೇಲೂ ಬರುತ್ತಿದೆ. ವಾನರರು ಬದುಕುವುದು ಮರ ಹತ್ತಬಲ್ಲ ಮೈ ಅವರಿಗಿರುವುದರಿಂದ. ಹಿಮಕ್ಕೆ ನ್ಯಾಯಾನ್ಯಾಯ ಗೊತ್ತಿಲ್ಲ, ಮರ ಹತ್ತುವವರನ್ನು ಅದು ಮುಟ್ಟಲಾರದು, ಅಷ್ಟೆ. ನನ್ನ ಮಟ್ಟಿಗೆ ಇದು ‘ಅವತಾರ್’ನ ಕೊನೆಗಿಂತ ಆಳವಾದ ದೃಶ್ಯ.

1987ರ ‘ಪ್ರಿಡೇಟರ್’ನಲ್ಲಿ ಮೈಗೆ ಮೆತ್ತಿದ ಕೆಸರು ನಾಯಕನನ್ನು ಅನ್ಯಗ್ರಹದಿಂದ ಬಂದ ಶತ್ರುವಿನ ಕಣ್ಣಿನಿಂದ ಮರೆ ಮಾಡುತ್ತದೆ, ಏಕೆಂದರೆ ಆ ಜೀವಿ ಕಾಣುವುದು ಶಾಖವನ್ನು. ಬಂದೂಕು, ತಂಡ, ಪದವಿ ಎಲ್ಲ ಕಳೆದುಕೊಂಡು ಮಣ್ಣಾದ ಮೇಲೆಯೇ ಆತ ಸರಿಸಮನಾಗುತ್ತಾನೆ. ‘ಡ್ಯೂನ್’ ಚಿತ್ರಗಳಲ್ಲಿ (2021, 2024) ಮರಳಿನ ಕೆಲಸ ಇನ್ನೂ ಸೂಕ್ಷ್ಮ. ಲಯಬದ್ಧವಾಗಿ ಹೆಜ್ಜೆ ಹಾಕಿದರೆ ಮರಳ ಹುಳು ಎದ್ದು ಬರುತ್ತದೆ. ಆದ್ದರಿಂದ ಅಲ್ಲಿಯವರು ತಾಳ ತಪ್ಪಿಸಿ ನಡೆಯುತ್ತಾರೆ. ಕವಾಯತು ಕಲಿತ ಸೈನ್ಯಕ್ಕೆ ಇದಕ್ಕಿಂತ ದೊಡ್ಡ ಅವಮಾನ ಏನಿದೆ?

1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಕಾಡುಯುದ್ಧದಲ್ಲಿ ಪುಟ್ಟ ವನವಾಸಿಗಳು ಮರದ ದಿಮ್ಮಿ, ಬಳ್ಳಿ, ಕಲ್ಲುಗಳಿಂದ ಸಾಮ್ರಾಜ್ಯದ ಪಡೆಯನ್ನು ಕೆಡವುತ್ತಾರೆ. ವಿಯೆಟ್ನಾಂ ಯುದ್ಧದ ಗೆರಿಲ್ಲಾಗಳು ಈ ಕಲ್ಪನೆಗೆ ಮೂಲ ಎಂದು ಜಾರ್ಜ್ ಲ್ಯೂಕಾಸ್ ಹೇಳಿಕೊಂಡಿದ್ದಾರೆ. ಅದು ಗೊತ್ತಾದ ಮೇಲೆ ಆ ಕಾಡು ಮಕ್ಕಳ ಆಟದ ಜಾಗವಾಗಿ ಉಳಿಯುವುದಿಲ್ಲ. ಅಮೆರಿಕದ ಪ್ರೇಕ್ಷಕ ತನಗರಿವಿಲ್ಲದೆ ತನ್ನ ದೇಶದ ಸೈನ್ಯ ಸೋತ ಕಾಡಿಗೆ ಚಪ್ಪಾಳೆ ತಟ್ಟಿದಂತಾಯಿತು.

ನಮ್ಮ ಕಡೆಗೂ ಒಂದು ಹೋಲಿಕೆ ಇದೆ. 17ನೇ ಶತಮಾನದ ಕೊನೆಯಲ್ಲಿ ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತು. ಮಲೆನಾಡಿನ ಮಳೆಯೂ ಕಾಡೂ ಆ ಸೈನ್ಯವನ್ನು ಹಣ್ಣು ಮಾಡಿದವು ಎಂದು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಇರಲಿ. ಮಳೆ ಕೆಳದಿಯವರ ಮೇಲೂ ಅಷ್ಟೇ ಸುರಿದಿರಬೇಕು. ಅವರಿಗೆ ಅದರಲ್ಲಿ ಬದುಕಿ ಅಭ್ಯಾಸವಿತ್ತು. ಸೈ-ಫೈ ಯುದ್ಧಗಳನ್ನು ಓದುವಾಗಲೂ ಪ್ರಶ್ನೆಯನ್ನು ಹೀಗೆ ತಿರುಗಿಸಿಕೊಳ್ಳಿ: ನೆಲ ಯಾರ ಪಕ್ಷ ಎನ್ನುವುದಕ್ಕಿಂತ ಆ ನೆಲದಲ್ಲಿ ಬದುಕಲು ಯಾರು ಕಲಿತಿದ್ದಾರೆ? ಚಿತ್ರದ ರಾಜಕೀಯ ಆ ಉತ್ತರದಲ್ಲಿ ಸಿಗುತ್ತದೆ.

ಹಂತ 4: ಮುಖ ಬಿಟ್ಟು ಪಾದ ನೋಡಿ

ಮೂರನೆಯ ಸಲ ನೋಡುವಾಗ ಕಣ್ಣನ್ನು ತೆರೆಯ ಕೆಳಗಿನ ಅರ್ಧಕ್ಕೆ ಕಟ್ಟಿಹಾಕಿ. ಹೆಜ್ಜೆ ಎಷ್ಟು ಹೂಳುತ್ತದೆ, ಏನು ಚಿಮ್ಮುತ್ತದೆ, ಗುರುತು ಉಳಿಯುತ್ತದೆಯೇ?

2017ರ ‘ದಿ ಲಾಸ್ಟ್ ಜೆಡೈ’ ಚಿತ್ರದ ಉಪ್ಪಿನ ಬಯಲಿನ ಯುದ್ಧವನ್ನು ಈ ಹಂತಕ್ಕೆಂದೇ ಮಾಡಿದಂತಿದೆ. ಮೇಲೆ ತೆಳುವಾದ ಬಿಳಿ ಉಪ್ಪು, ಕೆಳಗೆ ಕಡುಗೆಂಪು ಪುಡಿ. ಹಳೆಯ ತುಕ್ಕು ಹಿಡಿದ ವಾಹನಗಳು ಒಂಟಿ ಕಾಲನ್ನು ನೆಲಕ್ಕೆ ಊರಿ ಹಾರಿದಾಗ ಹಿಂದೆ ಕೆಂಪು ಗೆರೆಗಳು ಏಳುತ್ತವೆ. ಗುಂಡು ಬಿದ್ದಲ್ಲೆಲ್ಲ ಬಿಳುಪು ಹರಿದು ಕೆಂಪು ಚಿಮ್ಮುತ್ತದೆ. ರಕ್ತ ತೋರಿಸದೆ ಇಡೀ ರಣರಂಗವನ್ನು ರಕ್ತಮಯ ಮಾಡಿದ ಜಾಣ್ಮೆ ಇದು ಎಂದು ಎಲ್ಲರೂ ಬರೆದಿದ್ದಾರೆ. ಅಲ್ಲಿಗೇ ನಿಲ್ಲಬೇಡಿ.

ಮುಂದೆ ಇಬ್ಬರೇ, ಹಿರಿಯ ಗುರು ಲ್ಯೂಕ್ ಮತ್ತು ಅವನಿಗೆ ತಿರುಗಿಬಿದ್ದ ಶಿಷ್ಯ, ಎದುರುಬದುರು ನಿಲ್ಲುತ್ತಾರೆ. ಕಿರಿಯವನು ಕಾಲು ಜಾರಿಸಿ ನಿಲುವು ಬದಲಿಸುತ್ತಾನೆ, ಅವನ ಪಾದದಡಿ ಕೆಂಪು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಹಿರಿಯವನೂ ಹೆಜ್ಜೆ ಬದಲಿಸುತ್ತಾನೆ, ಆದರೆ ಅವನ ಕಾಲಡಿಯ ಉಪ್ಪು ಬಿಳಿಯಾಗಿಯೇ ಉಳಿಯುತ್ತದೆ. ಅವನು ಅಲ್ಲಿಲ್ಲ, ಬೇರೆಲ್ಲೋ ಕುಳಿತು ತನ್ನ ರೂಪವನ್ನು ಮಾತ್ರ ಕಳುಹಿಸಿದ್ದಾನೆ. ಪಾತ್ರಗಳಿಗೆ, ಸೈನ್ಯಕ್ಕೆ, ಬಹುಪಾಲು ಪ್ರೇಕ್ಷಕರಿಗೆ ತಿಳಿಯುವ ಮೊದಲೇ ನೆಲ ಸತ್ಯ ಹೇಳಿಬಿಟ್ಟಿದೆ. ಮುಖದ ಮೇಲೆ ಕಣ್ಣು ನೆಟ್ಟವರಿಗೆ ಅದು ಕಾಣುವುದಿಲ್ಲ.

ಮಳೆಗಾಲದ ಮಲೆನಾಡಿನಲ್ಲಿ ಈ ದೃಶ್ಯದ ಹಸಿರು ಆವೃತ್ತಿ ನಿತ್ಯ ನಡೆಯುತ್ತದೆ. ಬೇಣದ ಹುಲ್ಲಿನ ಮೇಲೆ ಜೀಪಿನ ಚಕ್ರ ಒಮ್ಮೆ ತಿರುಗಿದರೆ ಸಾಕು, ಕೆಳಗಿನ ಜಂಬಿಟ್ಟಿಗೆ ಮಣ್ಣು ಹಸಿ ಗಾಯದಂತೆ ತೆರೆದುಕೊಳ್ಳುತ್ತದೆ. ರಸ್ತೆ ಅಗಲ ಮಾಡಲು ಧರೆ (ಗುಡ್ಡದ ಬದಿ) ಕಡಿದಲ್ಲಿ ಕೆಂಪು ನೀರು ಇಳಿಯುತ್ತದೆ. ಆ ಚಿತ್ರ ನೋಡುವಾಗ ಸಾಗರ, ಹೊಸನಗರದ ಕಡೆಯ ಪ್ರೇಕ್ಷಕನಿಗೆ ಕೆಂಪು ಎಂದರೆ ಮೊದಲು ನೆತ್ತರಲ್ಲ, ತೆಗೆಯಬಾರದ ಸಿಪ್ಪೆ ತೆಗೆದ ನೆಲ. ಈ ಓದು ಹೊರಗಿನ ವಿಮರ್ಶಕನಿಗೆ ಸಿಗಲಾರದು. ಬರೆಯುವಾಗ ಬಿಟ್ಟುಕೊಡಬೇಡಿ.

ಹಂತ 5: ಕಿವಿಗೆ ಒಂದು ಸರದಿ

ಈಗ ತೆರೆಗೆ ಬೆನ್ನು ಮಾಡಿ ಸದ್ದು ಮಾತ್ರ ಕೇಳಿ. ಕಾಳಗಕ್ಕೆ ಮುಂಚೆ ನಿಸರ್ಗದ ಯಾವ ಸದ್ದಿತ್ತು, ಯಾವಾಗ ನಿಂತಿತು, ಮುಗಿದ ಮೇಲೆ ಮರಳಿತೇ? ಜೀರುಂಡೆಗಳು ಏಕಾಏಕಿ ಬಾಯಿ ಮುಚ್ಚಿದರೆ ಕಾಡಿನಲ್ಲಿದ್ದವರು ತಲೆಯೆತ್ತುತ್ತಾರೆ. ಒಳ್ಳೆಯ ಧ್ವನಿ ವಿನ್ಯಾಸಕರು ಮೌನವನ್ನು ಮೊದಲ ಗುಂಡಿನಂತೆ ಬಳಸುತ್ತಾರೆ.

ಹಂತ 6: ನಮ್ಮ ಕಾವ್ಯಮೀಮಾಂಸೆಯ ಉಪಕರಣ ತೆಗೆದುಕೊಳ್ಳಿ

ರಸಸಿದ್ಧಾಂತ ಆಲಂಬನ ವಿಭಾವ, ಉದ್ದೀಪನ ವಿಭಾವ ಎಂದು ಎರಡನ್ನು ಹೇಳುತ್ತದೆ. ಭಾವಕ್ಕೆ ಆಸರೆಯಾದ ವ್ಯಕ್ತಿ ಆಲಂಬನ. ಆ ಭಾವವನ್ನು ಕೆರಳಿಸುವ ಬೆಳದಿಂಗಳು, ತೋಟ, ಕಾರ್ಮೋಡ ಉದ್ದೀಪನ. ಸೈ-ಫೈ ಯುದ್ಧಗಳನ್ನು ವಿಂಗಡಿಸಲು ಇದು ತುಂಬ ಅನುಕೂಲ. ನೆಲ ಬರೀ ಉದ್ದೀಪನವಾಗಿದ್ದರೆ ಆ ಕಾಳಗವನ್ನು ಬೇರೆ ಜಾಗಕ್ಕೆ ಎತ್ತಿಟ್ಟರೂ ಕತೆ ಕೆಡುವುದಿಲ್ಲ. ನೆಲವೇ ಆಲಂಬನವಾಗಿದ್ದರೆ, ಅಂದರೆ ಪಾತ್ರಗಳು ಅದಕ್ಕಾಗಿಯೇ ಅಳುವಂತಿದ್ದರೆ, ಎತ್ತಿಡಲು ಬರುವುದಿಲ್ಲ. ‘ಅವತಾರ್’ನಲ್ಲಿ ಬುಡಕಟ್ಟಿನ ಮನೆಮರ ಉರುಳುವ ದೃಶ್ಯ ಎರಡನೆಯ ಜಾತಿಯದು.

ರನ್ನನ ಗದಾಯುದ್ಧವನ್ನು ಪಠ್ಯದಲ್ಲಿ ಓದಿದವರಿಗೆ ಇನ್ನೊಂದು ಕೀಲಿಕೈ ಇದೆ. ಸೋತ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನ ಗರ್ಜನೆ ಕೇಳಿ ತಣ್ಣನೆಯ ನೀರಿನೊಳಗಿದ್ದೂ ಬೆವರುತ್ತಾನೆ. ನೀರು ಅಡಗಿಸಿದೆ, ಆದರೆ ತಣಿಸಲಾರದು. ನೆಲದ ಗುಣವೂ ಪಾತ್ರದ ಭಾವವೂ ಹೀಗೆ ಒಂದಕ್ಕೊಂದು ಎದುರಾಗುವ ಜಾಗವನ್ನು ನೀವು ಆರಿಸಿದ ಯುದ್ಧದಲ್ಲಿ ಹುಡುಕಿ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಪಯಣ ಹಸಿರು ತಾಣವೊಂದನ್ನು ಅರಸಿ ಹೊರಡುತ್ತದೆ. ಆ ತಾಣ ಎಂದೋ ಹುಳಿತು ಕೆಸರಾಗಿದೆ, ಅವರು ಗೊತ್ತಿಲ್ಲದೆ ಅದನ್ನೇ ದಾಟಿ ಬಂದಿದ್ದಾರೆ.

ಹಂತ 7: ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ತಿಳಿದುಕೊಳ್ಳಿ

ಬೇರೆ ಗ್ರಹ ಎಂದು ತೋರಿಸಿದ ಜಾಗ ಭೂಮಿಯ ಮೇಲೆಯೇ ಎಲ್ಲೋ ಇದೆ. ಹಿಮಯುದ್ಧದ ಹೊರಾಂಗಣ ಚಿತ್ರೀಕರಣ ನಡೆದದ್ದು ನಾರ್ವೆಯ ಫಿನ್ಸೆಯಲ್ಲಿ, 1979ರಲ್ಲಿ. ಬಿರುಗಾಳಿ ಎಷ್ಟಿತ್ತೆಂದರೆ ಕೆಲವು ದೃಶ್ಯಗಳನ್ನು ತಂಡ ಉಳಿದುಕೊಂಡಿದ್ದ ಹೋಟೆಲಿನ ಬಾಗಿಲಲ್ಲೇ ನಿಂತು ತೆಗೆದರು. ಕೆಂಪು-ಬಿಳಿ ಯುದ್ಧಕ್ಕೆ ಬೊಲಿವಿಯಾದ ಉಯುನಿ ಉಪ್ಪಿನ ಬಯಲು. ‘ಫ್ಯೂರಿ ರೋಡ್’ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಆಗಬೇಕಿತ್ತು. ಅಕಾಲಿಕ ಮಳೆಗೆ ಅಲ್ಲಿನ ಮರುಭೂಮಿ ಹೂಬಿಟ್ಟು ಹಸಿರಾಯಿತು, ತಂಡ ನಮೀಬಿಯಾಕ್ಕೆ ಗಂಟುಮೂಟೆ ಕಟ್ಟಿತು. ಕಾಡುಯುದ್ಧದ ವೇಗದ ಬೆನ್ನಟ್ಟುವಿಕೆಗೆ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ನಡುವೆ ಛಾಯಾಗ್ರಾಹಕ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ (ನಡೆಯುವಾಗ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಹೊತ್ತು ಬರೀ ನಡೆದರು. ಸೆಕೆಂಡಿಗೆ ಒಂದು ಫ್ರೇಮಿಗಿಂತ ಕಡಿಮೆ ವೇಗದಲ್ಲಿ ತೆಗೆದು 24 ಫ್ರೇಮಿನಲ್ಲಿ ತೋರಿಸಿದಾಗ ಆ ನಡಿಗೆಯೇ ಹಾರಾಟವಾಯಿತು.

ಈ ಮಾಹಿತಿ ಹರಟೆಗಷ್ಟೇ ಅಲ್ಲ. ಯಾವ ನೆಲವನ್ನು ನಿರ್ಜನ ಅನ್ಯಲೋಕ ಎಂದು ತೋರಿಸಲಾಯಿತು, ಅಲ್ಲಿ ಯಾರು ಇದ್ದರು ಎಂಬ ಪ್ರಶ್ನೆಯೂ ಸಂಕೇತದ ಭಾಗ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಕಾಣುವ ಒಡೆದ ಕೆಸರು ಮತ್ತು ಬೋಳು ಮರದ ಬೊಡ್ಡೆಗಳನ್ನು ಹೊರಗಿನ ನಿರ್ದೇಶಕನೊಬ್ಬ ಅನ್ಯಗ್ರಹವಾಗಿ ತೋರಿಸಬಹುದು. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟ ಮನೆತನಗಳಿಗೆ ಅದು ತಮ್ಮ ಗದ್ದೆ.

ಹಂತ 8: ಹೊರಗೆ ಹೋಗಿ ಪರೀಕ್ಷಿಸಿ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಜಾಗ. ಕೆಳದಿ ಅರಸರ ಕೋಟೆ. ಕೆಳಗೆ ಗದ್ದೆ, ನಡುವೆ ಕಾಡು, ಮೇಲೆ ಬಂಡೆ. ನಿಮ್ಮ ನಕ್ಷೆಯ ಕಾಗದ ಒಯ್ಯಿರಿ. ಕೆಳಗಿನಿಂದ ಬರುವವನಿಗೆ ಏನು ಕಾಣುತ್ತದೆ, ಮೇಲಿನವನಿಗೆ ಏನು ಕಾಣುವುದಿಲ್ಲ ಎಂದು ಗುರುತಿಸಿ. ಎರಡನೆಯ ಪ್ರಶ್ನೆಯೇ ಮುಖ್ಯ. ಗೋಡೆಯ ಮೇಲೆ ನಿಂತವನಿಗೆ ದೂರದ ಕಣಿವೆ ನಿಚ್ಚಳ, ಆದರೆ ಗೋಡೆಯ ಬುಡದ ಪೊದೆ ಕಾಣದು. ಮಂಜು ಕವಿದ ಹೊತ್ತಿನಲ್ಲಿ ಇದೇ ಕೆಲಸ ಮಾಡಿದರೆ ನಕ್ಷೆ ಪೂರ್ತಿ ಬದಲಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಲೇಸರ್ ಬಂದೂಕಿನ ಯುದ್ಧ ನಡೆದರೆ ಹೇಗಿರುತ್ತದೆ ಎಂದು ಯೋಚಿಸಿ. ಮಂಜಿನಲ್ಲಿ ಬೆಳಕಿನ ಕಿರಣ ಚದುರುತ್ತದೆ, ಹಾರಿಸಿದವನ ಜಾಗ ಎಲ್ಲರಿಗೂ ಕಾಣುತ್ತದೆ. ಮಂಜು ಆಗ ಅಲಂಕಾರವಾಗಿರದೆ ಕತೆಯ ನಿಯಮವಾಗುತ್ತದೆ.

ಹಂತ 9: ಬರೆಯಿರಿ, ಅಥವಾ ಚಿತ್ರೀಕರಿಸಿ

ಬರೆಯುವವರು ‘ಈ ಕಾಡು ಇದರ ಸಂಕೇತ’ ಎಂಬ ವಾಕ್ಯದಿಂದ ಆರಂಭಿಸಬೇಡಿ. ನೆಲ ಮಾಡಿದ ಒಂದು ಕೆಲಸದಿಂದ ಆರಂಭಿಸಿ: ಹಿರಿಯವನ ಹೆಜ್ಜೆ ಉಪ್ಪಿನ ಮೇಲೆ ಮೂಡುವುದಿಲ್ಲ. ಅಲ್ಲಿಂದ ಅರ್ಥಕ್ಕೆ ಬನ್ನಿ. ಚಿತ್ರಕೂಟದಲ್ಲಿ ಚರ್ಚೆ ಇಟ್ಟುಕೊಂಡರೆ ಭಾಷಣಕ್ಕಿಂತ ಮೊದಲು ಎಲ್ಲರ ನಕ್ಷೆಗಳನ್ನು ಗೋಡೆಗೆ ಅಂಟಿಸಿ; ಜಗಳ ತಾನಾಗಿಯೇ ಹುಟ್ಟುತ್ತದೆ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದ ಜಿಲ್ಲೆ ಇದು. ಸೈ-ಫೈ ಎಂದಾಕ್ಷಣ ಮಕ್ಕಳಾಟ ಎಂದು ಮೂಗು ಮುರಿಯುವವರನ್ನೂ ಕರೆಯಿರಿ, ಅವರ ನಕ್ಷೆಗಳು ಹೆಚ್ಚು ನಿಷ್ಠುರವಾಗಿರುತ್ತವೆ.

ಚಿತ್ರ ಮಾಡುವವರು ನೆಲವನ್ನು ಮೊದಲು ಆರಿಸಿ, ಆಮೇಲೆ ಕಾಳಗ ಬರೆಯಿರಿ. ಅಡಿಕೆ ತೋಟದಲ್ಲಿ ಹೋರಾಟವಾದರೆ ಸಾಲುಮರಗಳ ನಡುವೆ ಶತ್ರು ಕಂಡು ಮರೆಯಾಗಿ ಕಂಡು ಬರುತ್ತಾನೆ, ನೀರಿಳಿಯುವ ಕಾಲುವೆಗಳು ಓಟಕ್ಕೆ ಅಡ್ಡ ಬರುತ್ತವೆ. ಕಾನಿನೊಳಗೆ ನಡು ಮಧ್ಯಾಹ್ನವೂ ಬೆಳಕು ಸಾಲದು, ಮೊಬೈಲ್ ಕ್ಯಾಮೆರಾದಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಅಂಚಿನಲ್ಲಿ, ಬೇಣಕ್ಕೂ ಕಾಡಿಗೂ ನಡುವೆ ನಿಂತು ತೆಗೆಯಿರಿ. ಮಳೆಗಾಲದಲ್ಲಿ ಲೆನ್ಸ್ ಮೇಲೆ ಆವಿ ಕೂರುತ್ತದೆ, ಒಣ ಹತ್ತಿಬಟ್ಟೆ ಜೇಬಿನಲ್ಲಿರಲಿ. ಉಂಬಳಕ್ಕೆ ಉಪ್ಪಿನ ಪೊಟ್ಟಣ. ದೇವರಕಾಡು, ನಾಗಬನಗಳಲ್ಲಿ ಊರವರನ್ನು ಕೇಳದೆ ಕಾಲಿಡಬೇಡಿ. ಮೀಸಲು ಅರಣ್ಯ, ಅಭಯಾರಣ್ಯಗಳಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸುವುದಿದ್ದರೆ ಅದನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಹೊಗೆ ಬಾಂಬು, ಪಟಾಕಿ ಬೇಸಿಗೆಯ ಹುಲ್ಲುಗಾವಲಿನಲ್ಲಿ ಬೇಡವೇ ಬೇಡ. ಸ್ಫೋಟವನ್ನು ಕಂಪ್ಯೂಟರಿನಲ್ಲಿ ಆಮೇಲೆ ಸೇರಿಸಿಕೊಳ್ಳಬಹುದು, ಸುಟ್ಟ ಬೇಣವನ್ನು ಹಾಗೆ ಅಳಿಸಲಾಗದು.